ಅಮ್ಮನ ಗ್ರೂಪು ಮತ್ತು ತೊಡಕಿನ ಕುರಿ

ಅಡಿಗೆಮನೆಯ ಗೋಡೆಕಪಾಟಿಗೆ ಬಣ್ಣ ಹೊಡೆಸೋಣವೆಂದು ಮೊನ್ನೆ ಅದರ ಬಾಗಿಲಿನ ಒಳಮೈ ಕೆರೆಯುತ್ತಿದ್ದೆ. ಹಳೇ ಕ್ಯಾಲೆಂಡರಿನ ಹಾಳೆಯೊಂದು ಕಿತ್ತು ಬಂತು. ಅದರಡಿಯಲ್ಲಿ ಮೈದಾ ಹಿಟ್ಟಿನ ಅಂಟು, ಅಂಟಿನಡಿಯಲ್ಲಿ ಅರಿಶಿನದ ಬೆರಳಚ್ಚು ಬಿದ್ದ ಒಂದು ಜೆರಾಕ್ಸ್ ಹಾಳೆ. ನಾಲ್ಕು ಕಾಲಮ್ಮು: ಎ, ಬಿ, ಎಬಿ, ಓ. ಒಂದೊಂದರ ಕೆಳಗೂ ‘ಅಮೃತ’, ‘ಪರವಾಗಿಲ್ಲ’, ‘ವಿಷ’ ಎಂಬ ಮೂರು ತಲೆಬರಹ. ನೋಡುತ್ತಿದ್ದಂತೆ ಕೈಯಲ್ಲಿದ್ದ ಚಾಕು ಅಲ್ಲೇ ನಿಂತಿತು. ಪೇಂಟಿನವನು ‘ಎಂತ ಸಾರ್, ಆಸ್ತಿ ಪತ್ರ ಸಿಕ್ತಾ?’ ಎಂದ.

ಆಸ್ತಿ ಪತ್ರವಲ್ಲ. ರಕ್ತದ ಗ್ರೂಪು ನೋಡಿಕೊಂಡು ಊಟ ಮಾಡಬೇಕು ಎಂದು ನಮ್ಮ ಮನೆಗೆ ಬಂದಿದ್ದ ಆಜ್ಞೆ ಅದು. ಆ ಕಥೆ ಹೇಳುವ ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ನೀವು ನನ್ನನ್ನು ಒಳ್ಳೆಯವನೆಂದು ತಿಳಿದುಬಿಟ್ಟೀರಿ. ನಾನು ಖಾಸಗಿ ಬಸ್ಸಿನಲ್ಲಿ ಚೆಕಿಂಗ್ ಮಾಡುತ್ತಿದ್ದವನು. ಕೊಪ್ಪ, ಶೃಂಗೇರಿ, ಬಾಳೆಹೊನ್ನೂರು, ನರಸಿಂಹರಾಜಪುರ ಎಂದು ಇಪ್ಪತ್ತೆರಡು ವರ್ಷ ಕಂಡಕಂಡ ತಿರುವಿನಲ್ಲಿ ಬಸ್ಸು ಹತ್ತಿ ಜನರನ್ನು ಅನುಮಾನಿಸಿಯೇ ಅನ್ನ ತಿಂದಿದ್ದೇನೆ. ನಿದ್ದೆ ಮಾಡುವವನು ನಿಜವಾಗಿ ನಿದ್ದೆ ಮಾಡುತ್ತಿದ್ದಾನೋ, ಟಿಕೆಟ್ ತಪ್ಪಿಸಲು ಕಣ್ಣು ಮುಚ್ಚಿದ್ದಾನೋ ಎಂಬುದು ನನಗೆ ರೆಪ್ಪೆ ನೋಡಿದರೆ ಗೊತ್ತಾಗುತ್ತಿತ್ತು. ಈ ಕಾಯಿಲೆ ಡ್ಯೂಟಿ ಮುಗಿದ ಮೇಲೂ ಬಿಡುತ್ತಿರಲಿಲ್ಲ. ಮನೆಗೆ ಬಂದರೆ ಹಾಲು, ಕಾಫಿಪುಡಿ, ನೆಂಟರು, ಡಾಕ್ಟರು ಎಲ್ಲರ ಮೇಲೂ ಅನುಮಾನ.

ಹಾಗಿದ್ದವನ ಹೆಂಡತಿ ಶಾರದೆ ಒಂದು ದಿನ ಕೊಪ್ಪದಲ್ಲಿ ನಡೆದ ಪುಕ್ಕಟೆ ಶಿಬಿರಕ್ಕೆ ನನ್ನನ್ನೂ ನಮ್ಮಮ್ಮನನ್ನೂ ಎಳೆದುಕೊಂಡು ಹೋದಳು. ಎರಡು ಸಾವಿರದ ನಾಲ್ಕೋ ಐದೋ ಇಸವಿ. ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲು ಹಿಡಿದವನನ್ನು ಜನ ಇನ್ನೂ ತಿರುಗಿ ನೋಡುತ್ತಿದ್ದ ಕಾಲ. ಒಂದು ಹಾಲಿನಲ್ಲಿ ಬಿಳೀ ಕೋಟಿನ ಮನುಷ್ಯನೊಬ್ಬ ಮೈಕು ಹಿಡಿದು, ‘ನಿಮ್ಮ ರಕ್ತ ನಿಮ್ಮ ಹತ್ತಿರ ಮಾತಾಡುತ್ತೆ, ನೀವು ಕೇಳಿಸ್ಕೊಳ್ತಾ ಇಲ್ಲ’ ಎಂದು ಬೈಯುತ್ತಿದ್ದ. ಪಕ್ಕದ ಮೇಜಿನಲ್ಲಿ ಇಬ್ಬರು ಹುಡುಗಿಯರು ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಮೇಲೆ ಹನಿ ಹಾಕಿ, ಹೆಸರು ಕೂಗಿ ಚೀಟಿ ಕೊಡುತ್ತಿದ್ದರು. ಪುಕ್ಕಟೆ ಎಂದ ತಕ್ಷಣ ನನ್ನ ಕಿವಿ ನೆಟ್ಟಗಾಗುತ್ತದೆ. ಕಾದು ನೋಡಿದೆ. ಬಾಗಿಲ ಹತ್ತಿರ ಡಬ್ಬಿಯಲ್ಲಿ ಯಾವುದೋ ಪುಡಿ ಮಾರಾಟಕ್ಕಿತ್ತು. ‘ನೋಡಿದ್ಯಾ?’ ಎಂದೆ. ‘ನಾನು ಪುಡಿ ತಗೊಳ್ಳಲ್ಲ, ಚಾರ್ಟು ಮಾತ್ರ’ ಎಂದು ಶಾರದೆ ಗೆದ್ದಳು.

ಚೀಟಿಯ ಪ್ರಕಾರ ನಾನು ಬಿ. ಶಾರದೆ ಓ. ಅಮ್ಮ ಎ. ನನ್ನ ಬಿ ಗ್ರೂಪಿಗೆ ಕುರಿಮರಿ ಅಮೃತ, ಕೋಳಿ ವಿಷ. ಹಿತ್ತಲಲ್ಲಿ ಹತ್ತು ನಾಟಿಕೋಳಿ ಕೆದಕಿಕೊಂಡಿರುವ ಮನೆಯವನಿಗೆ ಕೋಳಿ ವಿಷವಂತೆ! ಓ ಗ್ರೂಪು ಹುಟ್ಟಾ ಬೇಟೆಗಾರರ ರಕ್ತ, ಅವರು ಕುರಿ ಎಷ್ಟು ತಿಂದರೂ ಒಳ್ಳೆಯದು. ಎ ಗ್ರೂಪಿನವರು ಮಾತ್ರ ಕುರಿ ಮಾಂಸದ ಕಡೆ ತಲೆಯಿಟ್ಟೂ ಮಲಗಬಾರದು, ಸೊಪ್ಪು ತರಕಾರಿ ತಿಂದುಕೊಂಡಿರಬೇಕು. ತೆಂಗಿನಕಾಯಿ ಮೂವರ ಕಾಲಮ್ಮಿನಲ್ಲೂ ವಿಷದ ಕೆಳಗಿತ್ತು. ಅದನ್ನು ಮಾತ್ರ ಶಾರದೆ ಓದಿದರೂ ಓದಲಿಲ್ಲವೆಂಬಂತೆ ಹಾಳೆ ಮಡಿಚಿದಳು.

ಮಾರನೆಯ ವಾರ ಶೃಂಗೇರಿಯಲ್ಲಿ ಇಳಿದಾಗ ಬಸ್‌ಸ್ಟ್ಯಾಂಡಿನ ಹತ್ತಿರ ಹೋಟೆಲು ಇಟ್ಟಿದ್ದ ಭಟ್ಟರಿಗೆ ಈ ಕಥೆ ಹೇಳಿದೆ. ಭಟ್ಟರು ಈರುಳ್ಳಿಯನ್ನೂ ಏಕಾದಶಿ ನೋಡಿ ತಿನ್ನುವ ಪೈಕಿ. ‘ನಂದು ಓ ಕಣಾ, ಆಪರೇಷನ್ ಟೈಮಲ್ಲಿ ನೋಡಿದ್ರು. ಓ ಅಂದ್ರೆ ಎಂತ ತಿನ್ಬೇಕಂತೆ?’ ಎಂದು ಉತ್ಸಾಹದಿಂದ ಕೇಳಿದರು. ನಾನು ಆಚೀಚೆ ನೋಡಿ ಮೆಲ್ಲಗೆ ಹೇಳಿದೆ. ಭಟ್ಟರು ಕಾಫಿ ಲೋಟ ಕೆಳಗಿಟ್ಟು ಒಂದು ನಿಮಿಷ ತಮ್ಮ ಮುಂಗೈಯ ನರ ನೋಡಿಕೊಂಡರು. ‘ಅಲ್ಲ ಮಾರಾಯ, ಅರವತ್ತು ವರ್ಷ ಒಳಗೇ ಹರೀತಾ ಇದೆ. ಈ ರಕ್ತಕ್ಕೆ ನನ್ನ ಜಾತಿ ಗೊತ್ತಿಲ್ವನಾ?’ ಎಂದರು. ಆ ಕ್ಷಣಕ್ಕೇ ಆ ಚಾರ್ಟಿನ ಮೇಲಿನ ನನ್ನ ಅನುಮಾನ ಇಮ್ಮಡಿಯಾಯಿತು.

ಆದರೆ ಪೂರ್ತಿ ಅನುಮಾನಿಸಲೂ ಮನಸ್ಸು ಬರುತ್ತಿರಲಿಲ್ಲ. ಕುರಿಮರಿ ಅಮೃತ ಎಂದು ಒಬ್ಬ ಬಿಳೀ ಕೋಟಿನವನು ಬರೆದುಕೊಟ್ಟ ಮೇಲೆ ಬಿಡುವುದು ಹೇಗೆ? ಉಳಿದ ಮೂರು ಕಾಲಮ್ಮನ್ನು ಅನುಮಾನಿಸಿ ಬಿ ಕಾಲಮ್ಮನ್ನು ಮಾತ್ರ ನಂಬುವುದೆಂದು ತೀರ್ಮಾನಿಸಿದೆ. ಭಾನುವಾರ ಭಾನುವಾರ ಮಟನ್ ಅಂಗಡಿಯ ಮುಂದೆ ನಿಲ್ಲತೊಡಗಿದೆ. ಅಲ್ಲಿ ಬೇರೆ ಅನುಮಾನ. ನಮ್ಮ ಮಳೆಗೆ ಕುರಿ ಬದುಕುವುದಿಲ್ಲ, ಗೊರಸು ಕೊಳೆತು ಸಾಯುತ್ತದೆ. ಕಡೂರು, ತರೀಕೆರೆ ಕಡೆಯಿಂದ ಗಾಡಿಯಲ್ಲಿ ಬರಬೇಕು. ಹಾಗಾಗಿ ಅಂಗಡಿಯಲ್ಲಿ ತೂಗುವುದು ಕುರಿಯೋ ಆಡೋ ಎಂದು ನಮ್ಮಪ್ಪ ಬಾಲ ನೋಡದೆ ತರುತ್ತಿರಲಿಲ್ಲ. ಚರ್ಮ ಸುಲಿದ ಮೇಲೂ ಬಾಲ ಉಳಿಸಿರುತ್ತಾರಲ್ಲ, ಅದು ಜೋತುಬಿದ್ದಿದ್ದರೆ ಕುರಿ, ಗಿಡ್ಡಗಿದ್ದರೆ ಆಡು. ನಾನು ಅಷ್ಟಕ್ಕೇ ಬಿಡುವವನಲ್ಲ. ‘ಮರಿಯಾ, ಮುದಿಯಾ? ಎಷ್ಟು ತಿಂಗಳು?’ ಎಂದು ಕೇಳಿದೆ. ಅಂಗಡಿಯವನು ಕತ್ತಿ ಎತ್ತಿದವನು ಹಾಗೇ ನಿಂತು, ‘ಬರ್ತ್ ಸರ್ಟಿಫಿಕೇಟು ಊರಲ್ಲೇ ಬಿಟ್ಟು ಬಂದಿದೆ ಸಾರ್’ ಎಂದ. ಸರತಿಯಲ್ಲಿದ್ದವರೆಲ್ಲ ನಕ್ಕರು. ಅದರಲ್ಲಿ ಇಬ್ಬರು ನಾನು ಹಿಂದೆ ಟಿಕೆಟ್ ಇಲ್ಲದೆ ಹಿಡಿದವರು. ಅವರು ಸ್ವಲ್ಪ ಜಾಸ್ತಿಯೇ ನಕ್ಕರು.

ಈ ತಮಾಷೆಯೆಲ್ಲ ಒಂದು ಕಡೆ. ಇನ್ನೊಂದು ಕಡೆ ಅಮ್ಮ ಸೊರಗುತ್ತಿದ್ದಳು. ಅವಳಿಗೆ ಮೊದಲಿನಿಂದಲೂ ರಕ್ತ ಕಡಿಮೆ. ಕೊಪ್ಪದ ಡಾಕ್ಟರು ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ‘ಏನ್ರೀ, ಸುಣ್ಣ ಬಳಿದ ಹಾಗಿದೆ’ ಎಂದು ಕಬ್ಬಿಣದ ಮಾತ್ರೆ ಬರೆದಿದ್ದರು. ಮಾತ್ರೆ ತಿಂದರೆ ಹೊಟ್ಟೆ ಕಟ್ಟುತ್ತದೆ ಎಂದು ಅಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಬಾಳೆ ಬುಡಕ್ಕೆ ಹಾಕುತ್ತಿದ್ದಳು. ‘ಹಾಗಾದ್ರೆ ಈಲಿ ತಿನ್ನಿ, ಕುರಿ ಲಿವರ್ರು. ವಾರಕ್ಕೊಂದು ಸಲ’ ಎಂದಿದ್ದರು ಡಾಕ್ಟರು. ಚಾರ್ಟು ಬರುವವರೆಗೆ ಅವಳು ಅದನ್ನಾದರೂ ತಿನ್ನುತ್ತಿದ್ದಳು. ಚಾರ್ಟು ಕಪಾಟಿಗೆ ಅಂಟಿದ ದಿನದಿಂದ ಶಾರದೆ ಅಮ್ಮನ ತಟ್ಟೆಗೆ ಮಾಂಸ ಹಾಕುವುದನ್ನು ನಿಲ್ಲಿಸಿದಳು. ದ್ವೇಷದಿಂದಲ್ಲ, ಭಯದಿಂದ. ‘ವಿಷ ಅಂತ ಬರ್ದಿದೆ ಕಣ್ರೀ. ಗೊತ್ತಿದ್ದೂ ಗೊತ್ತಿದ್ದೂ ನಾನು ಹ್ಯಾಂಗೆ ಬಡಿಸ್ಲಿ?’ ಅಮ್ಮನೂ ಅಷ್ಟೇ, ಅಚ್ಚಾದ ಅಕ್ಷರ ಕಂಡರೆ ಕೈಮುಗಿಯುವವಳು. ‘ಬೇಡ ಬಿಡು, ನನ್ನ ರಕ್ತವೇ ಬೇಡ ಅಂದ್ಮೇಲೆ ಎಂತ ಮಾಡೋದು’ ಎಂದು ಬಸಳೆಸೊಪ್ಪಿನ ಸಾರಿಗೆ ಅನ್ನ ಕಲಸಿಕೊಳ್ಳುತ್ತಿದ್ದಳು. ಎರಡು ತಿಂಗಳಿಗೇ ಬಾವಿಯಿಂದ ಕೊಡ ತಂದರೆ ಮೆಟ್ಟಿಲ ಮೇಲೆ ಕುಳಿತು ಸುಧಾರಿಸಿಕೊಳ್ಳಬೇಕಾಯಿತು.

ನಾನೇನು ಮಾಡಿದೆ? ಡಾಕ್ಟರನ್ನೂ ಅನುಮಾನಿಸಿದೆ, ಚಾರ್ಟನ್ನೂ ಅನುಮಾನಿಸಿದೆ. ಇಬ್ಬರನ್ನೂ ಅನುಮಾನಿಸಿದ್ದರಿಂದ ಏನೂ ಮಾಡಲಿಲ್ಲ. ಅಮ್ಮ ಬಿಟ್ಟದ್ದೂ ಸೇರಿ ಭಾನುವಾರ ನನ್ನ ತಟ್ಟೆ ತುಂಬುತ್ತಿತ್ತು. ನಾಚಿಕೆಯಾಗುತ್ತದೆ, ಆದರೆ ತಿಂದದ್ದು ಹೌದು.

ಇಷ್ಟರಲ್ಲಿ ಯುಗಾದಿ ಬಂತು. ಯುಗಾದಿಯ ಮಾರನೆಯ ದಿನ ನಮ್ಮಲ್ಲಿ ತೊಡಕು, ಅಂದರೆ ಬಾಡೂಟ. ಕಮ್ಮರಡಿಯಿಂದ ಒಳಗಿರುವ ನಮ್ಮೂರಿನಲ್ಲಿ ಇರುವುದೇ ಎಂಟು ಮನೆ. ಎಂಟೂ ಮನೆ ಸೇರಿ ಒಂದು ಕುರಿ ತರುವುದು ಅಜ್ಜನ ಕಾಲದ ಪದ್ಧತಿ. ಪಕ್ಕದ ಮನೆಯ ಪುಟ್ಟಣ್ಣ ಯಜಮಾನ. ಅವನ ಹಿತ್ತಲಲ್ಲಿ ಬಾಳೆಲೆ ಹಾಸಿ ಮಾಂಸವನ್ನು ಎಂಟು ಗುಡ್ಡೆ ಮಾಡುತ್ತಾರೆ. ಸಾಮಾನ್ಯ ತುಂಡುಗಳು ಎಲ್ಲಕ್ಕೂ ಸಮ. ಹಂಚಿದರೆ ಯಾರ ಬಾಯಿಗೂ ಸಾಲದ ವಸ್ತುಗಳು, ತಲೆ, ಕಾಲು, ಗುಂಡಿಗೆ, ಈಲಿ, ಇಂಥವು ಇಡಿಯಾಗಿ ಒಂದೊಂದು ಗುಡ್ಡೆಗೆ. ಯಾವ ಗುಡ್ಡೆ ಯಾರಿಗೆ ಎಂದು ಜಗಳ ಬರಬಾರದಲ್ಲ? ಅದಕ್ಕೆ ಒಬ್ಬನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಾರೆ. ಪುಟ್ಟಣ್ಣ ಒಂದು ಗುಡ್ಡೆ ಮುಟ್ಟಿ ‘ಇದು ಯಾರಿಗೆ?’ ಎನ್ನುತ್ತಾನೆ. ನಿಂತವನು ಹಿಂದೆ ನೋಡದೆ ಒಂದು ಮನೆ ಹೆಸರು ಹೇಳುತ್ತಾನೆ. ಬಂದದ್ದು ಪಾಲು, ಚಕಾರ ಎತ್ತುವಂತಿಲ್ಲ. ಚಿಕ್ಕವನಿದ್ದಾಗ ಅಪ್ಪನ ಪಂಚೆ ಹಿಡಿದು ನಿಂತು ನಮ್ಮ ಮನೆ ಹೆಸರು ಬರುವವರೆಗೆ ಉಸಿರು ಕಟ್ಟುತ್ತಿದ್ದೆ. ಒಮ್ಮೆ ನಮಗೆ ಕಾಲು ಬಂದು, ದಾಯಾದಿಗಳಿಗೆ ತಲೆ ಹೋದದ್ದಕ್ಕೆ ಊಟ ಬಿಟ್ಟು ಅತ್ತಿದ್ದೆ. ಅವರ ತಲೆಯಲ್ಲಿ ಮಿದುಳಿತ್ತು ಎಂಬುದು ನನ್ನ ದುಃಖ.

ಕೆಲಸಕ್ಕೆ ಸೇರಿದ ಮೇಲೆ ತೊಡಕಿನ ದಿನ ನನಗೆ ರಜ ಸಿಗುತ್ತಿರಲಿಲ್ಲ, ಹಬ್ಬದ ರಶ್ಶು. ಅಪ್ಪ ತೀರಿಕೊಂಡ ಮೇಲೆ ಪಾಲು ತರಲು ಅಮ್ಮನೇ ಹೋಗುತ್ತಿದ್ದಳು. ಆ ವರ್ಷ ಅದೃಷ್ಟಕ್ಕೆ ರಜ ಸಿಕ್ಕಿತು. ಅಮ್ಮನ ಜೊತೆ ನಾನೂ ಹೋದೆ. ‘ತಿನ್ನದಿದ್ರೂ ಪಾಲು ಬಿಡ್ಬಾರ್ದು’ ಎಂದು ಅಮ್ಮ ಪಾತ್ರೆ ಹಿಡಿದು ಕಲ್ಲಿನ ಮೇಲೆ ಕುಳಿತಳು. ನನ್ನ ಕಣ್ಣು ಈಲಿಯ ಗುಡ್ಡೆಯ ಮೇಲೇ ಇತ್ತು. ಬಿ ಗ್ರೂಪಿನವನಿಗೆ ಬಂದರೆ ಎಷ್ಟು ಸದುಪಯೋಗವಾದೀತು ಎಂದು ಯೋಚಿಸುತ್ತಿದ್ದೆ.

ಗೋಡೆಗೆ ಮುಖ ಮಾಡಿ ನಿಂತವನು ನಾಗಪ್ಪ. ತೋಟದ ಕೆಲಸಕ್ಕೆ ಹೋಗುವವನು, ಎಂಟನೆಯ ಮನೆಯವನು. ಪುಟ್ಟಣ್ಣ ಮೊದಲ ಗುಡ್ಡೆ ಮುಟ್ಟಿದ, ಕೇಳಿದ, ನಾಗಪ್ಪ ಹೆಸರು ಹೇಳಿದ. ಎರಡನೆಯದೂ ಆಯಿತು. ಮೂರನೆಯದಕ್ಕೆ, ಅಂದರೆ ಈಲಿಯ ಗುಡ್ಡೆಗೆ ಕೈಯಿಡುವ ಮೊದಲು ಪುಟ್ಟಣ್ಣ ಕೆಮ್ಮಿದ. ಎರಡು ಸಲ, ಚಿಕ್ಕದಾಗಿ.

ಕೆಮ್ಮು ಎಂದರೆ ನನಗೆ ಹೇಳಿಕೊಡಬೇಕೇ? ಮುಂದೆ ಚೆಕಿಂಗ್ ಇದೆಯೆಂದು ಎದುರು ಬಸ್ಸಿನ ಡ್ರೈವರು ಲೈಟು ಮಿಣುಕಿಸುವುದು, ಕಂಡಕ್ಟರು ಸೀಟಿ ಬದಲಿಸಿ ಊದುವುದು, ಎಲ್ಲ ಅರೆದು ಕುಡಿದವನು ನಾನು. ನಾಗಪ್ಪ ಬಾಯಿ ತೆರೆಯುವುದರೊಳಗೆ ‘ನಿಲ್ಸಿ!’ ಎಂದು ಕೂಗಿದೆ. ‘ಇಲ್ಲಿ ಸನ್ನೆ ನಡೀತಾ ಇದೆ. ಕೆಮ್ಮಿದ್ದು ಯಾಕೆ?’

‘ಗಂಟಲಲ್ಲಿ ಎಂತದೋ ಸಿಕ್ತು ಮಾರಾಯ’ ಎಂದ ಪುಟ್ಟಣ್ಣ.

‘ಈಲಿ ಗುಡ್ಡೆಗೇ ಸಿಕ್ತಾ? ನಾಗಪ್ಪ, ಈಗ ಯಾರ ಹೆಸರು ಹೇಳೋಕೆ ಹೊರಟಿದ್ದೆ? ಯಜಮಾನರ ಮನೇದಾ?’

ನಾಗಪ್ಪ ತಿರುಗಿ ಪುಟ್ಟಣ್ಣನ ಮುಖ ನೋಡಿದ. ಪುಟ್ಟಣ್ಣ ನೆಲ ನೋಡಿದ. ಉಳಿದವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ನನ್ನ ಪರವಾಗಿ ಮಾತಾಡಲಿಲ್ಲ. ಓಹೋ, ಎಲ್ಲರೂ ಶಾಮೀಲು ಎಂದುಕೊಂಡೆ. ‘ಬಿಡು ಮಾರಾಯ, ಹಬ್ಬದ ದಿನ’ ಎಂದ ಪುಟ್ಟಣ್ಣ. ಬಿಡುವುದೇ? ಕಿಸೆಯಲ್ಲಿದ್ದ ಹಳೇ ಟ್ರಿಪ್ ಶೀಟು ಹರಿದು ಎಂಟು ಚೀಟಿ ಮಾಡಿದೆ, ಎಂಟು ಮನೆ ಹೆಸರು ಬರೆದೆ, ಮಡಿಚಿ ಟೊಪ್ಪಿಯಲ್ಲಿ ಹಾಕಿ ಕುಲುಕಿ, ಒಂದೊಂದು ಗುಡ್ಡೆಯ ಮೇಲೆ ಒಂದೊಂದು ಇಟ್ಟೆ. ತಲೆ ನಾಗಪ್ಪನಿಗೆ ಬಂತು. ನಮಗೆ ಕಾಲು. ಈಲಿಯ ಚೀಟಿ ಬಿಡಿಸಿದರೆ ಪುಟ್ಟಣ್ಣನ ಮನೆ! ನಾನೇ ಬರೆದು ನಾನೇ ಮಡಿಚಿದ ಚೀಟಿ. ಏನೆಂದು ಅನುಮಾನಿಸಲಿ? ಆದರೂ ‘ನ್ಯಾಯ ಅಂದ್ರೆ ಇದು’ ಎಂದು ಗಟ್ಟಿಯಾಗಿ ಹೇಳಿದೆ. ಅಮ್ಮ ಕಾಲುಗಳನ್ನು ಪಾತ್ರೆಗೆ ಹಾಕಿಕೊಂಡು ಮನೆಗೆ ಹೋದಳು.

ಅವಳು ಬೇಲಿ ದಾಟುವುದನ್ನೇ ಕಾಯುತ್ತಿದ್ದ ಪುಟ್ಟಣ್ಣ ನನ್ನ ತೋಳು ಹಿಡಿದು ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋದ.

‘ಟಿಕೆಟ್ ಇಲ್ದವನನ್ನ ಹಿಡಿದೆ ಅಂತ ಕುಣಿದ್ಯಲ್ಲ, ನಿನ್ನ ಅಮ್ಮನ್ನೇ ಬಸ್ಸಿಂದ ಇಳಿಸಿದೆ ಕಣಾ.’

‘ಎಂತ?’

‘ನಿಮ್ಮಪ್ಪ ತೀರ್ಕೊಂಡ ವರ್ಷ ನಿಮ್ಮಮ್ಮ ಗದ್ದೇಲಿ ತಲೆ ತಿರುಗಿ ಬಿದ್ರು. ನೀನು ಡ್ಯೂಟಿಲಿದ್ದೆ. ನಾನೂ ನಾಗಪ್ಪನೂ ಹೊತ್ಕೊಂಡು ಬಂದ್ವಿ. ರಕ್ತ ಇಲ್ಲ ಅಂದ್ರು ಡಾಕ್ಟ್ರು. ಆ ತೊಡಕಿಗೆ ನಮ್ಮ ಪಾಲಿನ ಈಲಿ ಕಳಿಸಿದ್ರೆ ಹಾಗೇ ವಾಪಸ್ ಕಳಿಸಿದ್ರು. ನಮ್ಮ ಪಾಲಿಗೆ ಬಂದದ್ದು ನಮಗೆ ಸಾಕು ಅಂದ್ರು. ನೋಡ್ದೆ. ಹಾಗಾದ್ರೆ ಪಾಲಿಗೇ ಬರೋ ಹಾಗೆ ಮಾಡೋಣ ಅಂತ ಏಳು ಮನೆಯವರೂ ಮಾತಾಡ್ಕೊಂಡ್ವಿ. ಅವತ್ತಿಂದ ಕೆಮ್ತಾ ಇದೀನಿ.’

ಪ್ರತಿ ವರ್ಷ ರಾತ್ರಿ ಮನೆಗೆ ಬಂದಾಗ ‘ಈ ಸಲವೂ ಈಲಿ ನಮಗೇ ಬಂತು ಕಣೋ, ನಿಮ್ಮಪ್ಪನೇ ಮೇಲಿಂದ ನೋಡ್ಕೊಳ್ತಾರೆ’ ಎಂದು ಅಮ್ಮ ಹೇಳುತ್ತಿದ್ದುದು ನೆನಪಾಯಿತು. ಊರೆಲ್ಲ ಸೇರಿ ಮಾಡಿದ ಒಂದು ಒಳ್ಳೆಯ ಮೋಸವನ್ನು ಹಿಡಿದುಕೊಟ್ಟಿದ್ದೆ. ‘ತಪ್ಪಾಯ್ತು ಪುಟ್ಟಣ್ಣ’ ಎಂದೆ. ಅವನು ಬಾಳೆಲೆಯಲ್ಲಿ ಸುತ್ತಿದ್ದ ಈಲಿಯನ್ನು ನನ್ನ ಕೈಗಿಟ್ಟು, ‘ತಪ್ಪು ಗಿಪ್ಪು ಆಮೇಲೆ. ಇದನ್ನ ಅವರ ಹೊಟ್ಟೆಗೆ ಹ್ಯಾಂಗೆ ಸೇರಿಸ್ತೀಯ ನೋಡು’ ಎಂದು ಹೋಗಿಬಿಟ್ಟ.

ಮನೆಯಲ್ಲಿ ಶಾರದೆ ಒರಳಿನ ಮುಂದೆ ಮಸಾಲೆ ರುಬ್ಬುತ್ತಿದ್ದಳು. ಕಡುಬು ಬೇಯುತ್ತಿತ್ತು. ಅಮ್ಮ ಹೊಸಿಲಲ್ಲಿ ಕುಳಿತಿದ್ದಳು. ನನ್ನ ಕೈಯಲ್ಲಿದ್ದ ಎಲೆ ಕಂಡವಳೇ ಕೇಳಿದಳು, ‘ಅದು ಪುಟ್ಟಣ್ಣನ ಮನೆಗೆ ಬಂದದ್ದಲ್ವಾ? ಇಲ್ಲಿಗೆ ಯಾಕೆ ಬಂತು? ಕೊಟ್ಟು ಬಾ.’

ವರ್ಷಗಟ್ಟಲೆ ಬೇರೆಯವರ ಸುಳ್ಳು ಹಿಡಿದವನಿಗೆ ಸ್ವಂತಕ್ಕೊಂದು ಸುಳ್ಳು ಹೊಳೆಯಲಿಲ್ಲ. ಕಡೆಗೆ ಬಾಯಿಗೆ ಬಂದದ್ದು ಹೇಳಿದೆ. ‘ಪುಟ್ಟಣ್ಣಂದೂ ಗ್ರೂಪು ನೋಡ್ಸಿದ್ರಂತಮ್ಮ. ಎ ಅಂತೆ. ಅವರಿಗೆ ಈಲಿ ವಿಷ. ಅದಕ್ಕೇ ನಮಗೆ ಕೊಟ್ರು.’

‘ಎ ಆದ್ರೆ ವಿಷ. ನಂದೂ ಎ ಅಲ್ವನಾ?’ ಎಂದಳು ಅಮ್ಮ. ‘ನಂಗೆ ಎಂತಕ್ಕೆ ತಂದೆ?’

ಸಿಕ್ಕಿಬಿದ್ದೆ. ಶಾರದೆಯ ಕಡೆ ನೋಡಿದೆ. ಅವಳಿಗೆ ನಡೆದದ್ದೇನೂ ಗೊತ್ತಿಲ್ಲ. ಆದರೆ ನನ್ನ ಮುಖ ಗೊತ್ತು. ಅಮ್ಮನ ಬಿಳಿಚಿದ ಮುಖವನ್ನೂ ಆ ಎರಡು ತಿಂಗಳು ಅವಳೇ ನೋಡಿದ್ದಳು. ರುಬ್ಬುಗುಂಡು ನಿಲ್ಲಿಸಿದಳು.

‘ಅಯ್ಯೋ, ನಿಮಗೆ ಹೇಳೋಕೇ ಮರ್ತಿದ್ದೆ ಅತ್ತೆ. ಶಿಬಿರದಲ್ಲಿ ಆ ಹುಡುಗಿಯರು ನಮ್ಮಿಬ್ಬರ ಚೀಟಿ ಅದಲುಬದಲು ಮಾಡಿದ್ರಂತೆ. ಮೊನ್ನೆ ಪೇಟೆಲಿ ಸಿಕ್ಕಿದವಳು ಹೇಳಿದ್ಲು. ಓ ನಿಮ್ಮದು. ಎ ಅಂದ್ರೆ ನಾನು.’

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ‘ಯಾವ ಪೇಟೆ, ಯಾವ ದಿನ, ಎಷ್ಟು ಹೊತ್ತಿಗೆ’ ಎಂದು ನಾನೇ ಕೇಳುತ್ತಿದ್ದೆ. ಅವತ್ತು ತೆಪ್ಪಗೆ ನಿಂತೆ. ಅಮ್ಮ ಸೊಸೆಯನ್ನು ಬಹಳ ಹೊತ್ತು ನೋಡಿದಳು. ಅವಳು ನಂಬಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ‘ಹಾಗಾದ್ರೆ ಪುಕ್ಕಟೆ ಬೇಡ, ಬದಲಿಗೆ ಹಿತ್ತಲ ಹುಂಜ ಹಿಡ್ಕೊಟ್ಟು ಬಾ. ಹೆಂಗೂ ನಿಂಗೆ ಕೋಳಿ ವಿಷವಲ್ವಾ’ ಎಂದಳು. ನಾನು ಅಂಗಳವೆಲ್ಲ ಓಡಿ ಹುಂಜ ಹಿಡಿದು ಬೇಲಿಯಾಚೆ ದಾಟಿಸಿದೆ. ಪುಟ್ಟಣ್ಣ ಮುಖ ಗಂಟಿಕ್ಕಿಕೊಂಡೇ ಇಸಿದುಕೊಂಡ.

ಮಧ್ಯಾಹ್ನ ಅಮ್ಮನ ತಟ್ಟೆಯಲ್ಲಿ ಕಡುಬು, ಕಾಳುಮೆಣಸು ಹಾಕಿ ಹುರಿದ ಈಲಿ. ಶಾರದೆಯ ತಟ್ಟೆಯಲ್ಲಿ ಕಡುಬು, ಬಸಳೆಸೊಪ್ಪಿನ ಸಾರು. ಬೆಳಿಗ್ಗೆಯಿಂದ ಮಸಾಲೆ ರುಬ್ಬಿ ಕೈ ಉರಿಸಿಕೊಂಡವಳು ಅವಳು. ನಮ್ಮ ಮೂವರಲ್ಲಿ ಮಾಂಸದ ಆಸೆ ಜಾಸ್ತಿ ಇದ್ದದ್ದೂ ಅವಳಿಗೇ. ಅಮ್ಮ ಮಾಂಸದ ಸಾರಿನ ಪಾತ್ರೆಯನ್ನು ಅವಳಿಂದ ಮೊಳ ದೂರ ಸರಿಸಿ, ‘ನೀನು ಮುಟ್ಬೇಡ ಮಾರಾಯ್ತಿ, ನಿಂಗೆ ಆಗಲ್ಲ. ಪಾಪ, ಮದ್ವೆ ಆದಾಗಿಂದ ನಾವೇ ನಿಂಗೆ ವಿಷ ಹಾಕಿದ್ವಲ್ಲೇ’ ಎಂದು ಮರುಗಿದಳು. ‘ಗೊತ್ತಿಲ್ದೆ ಆದದ್ದಲ್ವಾ ಅತ್ತೆ’ ಎಂದಳು ಶಾರದೆ. ನಾನು ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟೆ. ತಿನ್ನಿ ಎಂದು ಅವಳೇ ಕಣ್ಣಲ್ಲಿ ಗದರಿಸಿದಳು.

ಆಮೇಲೆ ಅಮ್ಮ ಭಾನುವಾರ ಭಾನುವಾರ ಈಲಿ ತಿಂದಳು. ಬಾವಿಯ ಮೆಟ್ಟಿಲ ಮೇಲೆ ಕೂರುವುದು ನಿಂತಿತು. ನಾಲ್ಕು ವರ್ಷ ಇದ್ದಳು. ಆ ನಾಲ್ಕು ವರ್ಷವೂ ಶಾರದೆ ವಾರ ವಾರ ಮಾಂಸ ಬೇಯಿಸಿದಳು, ತಿನ್ನಲಿಲ್ಲ. ಉಪ್ಪು ನೋಡಲಿಕ್ಕೂ ಒಂದು ಹನಿ ಅಂಗೈಗೆ ಹಾಕಿಕೊಳ್ಳಲಿಲ್ಲ, ಅದನ್ನು ಅಮ್ಮನ ಅಂಗೈಗೇ ಹಾಕುತ್ತಿದ್ದಳು. ಅಮ್ಮನ ಕಣ್ಣು ತಪ್ಪಿಸಿ ತಿನ್ನಬಹುದಿತ್ತಲ್ಲ ಎಂದು ಒಮ್ಮೆ ಕೇಳಿದೆ. ‘ನೀವು ಚೆಕಿಂಗಿನವರು, ನಿಮಗೆ ಹಾಗೇ ಅನ್ಸತ್ತೆ’ ಎಂದಳು.

ಅಮ್ಮ ತೀರಿಕೊಂಡು ವರ್ಷದ ತಿಥಿ ಕಳೆದ ಮೇಲೆ ಬಂದ ತೊಡಕಿಗೆ ನಾನೇ ಸೌಟು ಹಿಡಿದು ಶಾರದೆಯ ತಟ್ಟೆಗೆ ಬಡಿಸಲು ಹೋದೆ. ಕೈ ಅಡ್ಡ ಹಿಡಿದು, ‘ಬೇಡ ಬಿಡಿ, ರೂಢಿ ತಪ್ಪಿದೆ. ಈಗ ಆಸೆಯೇ ಇಲ್ಲ’ ಎಂದಳು.

ನಾನು ಆ ಮಾತನ್ನು ನಂಬಲಿಲ್ಲ. ಎರಡು ಸೌಟು ಬಡಿಸಿ ಎದುರಿಗೆ ಕುಳಿತೆ. ಸೆರಗಿನಿಂದ ಕಣ್ಣೊರೆಸಿಕೊಂಡು ಮೂಳೆ ಚೀಪಲು ಶುರುಮಾಡಿದವಳು, ತಟ್ಟೆ ಬರಿದಾಗುವವರೆಗೆ ತಲೆ ಎತ್ತಲಿಲ್ಲ.